ಕಥೆಗಾರನಿಗೊಂದು ಸೀಟು ಕೊಡಿ

ಕನ್ನಡನಾಡಿನ ಜನ ಓದಿನ ಹಂಗಿಲ್ಲದೆಯೇ ಕಾವ್ಯ ಕಟ್ಟುವುದರಲ್ಲಿ ಪಳಗಿದವರು ಎಂದು ಶ್ರೀವಿಜಯ ಕವಿರಾಜಮಾರ್ಗದಲ್ಲಿ ಹೊಗಳಿ ಸಾವಿರದ ನೂರೈವತ್ತು ವರ್ಷಕ್ಕೂ ಮೇಲಾಯಿತು. ಇಷ್ಟು ಕಾಲವಾದರೂ ಆ ಮಾತಿಗೆ ಯಾರೂ ಲಿಖಿತ ಆಕ್ಷೇಪಣೆ ಸಲ್ಲಿಸಿರಲಿಲ್ಲ. ನಾನು ಸಲ್ಲಿಸಿದೆ. ಡಾಲರಿನಲ್ಲಿ ಶುಲ್ಕ ಕಟ್ಟಿ, ಮೂರು ಶಿಫಾರಸು ಪತ್ರ ಸೇರಿಸಿ, 'ಕಥೆ ಬರೆಯುವುದನ್ನು ನನಗೆ ದಯಮಾಡಿ ಕಲಿಸಿಕೊಡಿ' ಎಂದು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ.

ಹಾಗೆ ನೋಡಿದರೆ ಶ್ರೀವಿಜಯನಿಗೂ ತನ್ನ ಮಾತಿನ ಮೇಲೆ ಪೂರ್ತಿ ಭರವಸೆ ಇದ್ದಂತಿಲ್ಲ. ಓದದೆಯೇ ಬರೆಯಬಲ್ಲ ಜನಕ್ಕೆ ಆತ ಕೊಟ್ಟದ್ದು, ಬರೆಯುವುದು ಹೇಗೆಂಬ ಪಠ್ಯಪುಸ್ತಕ. ಅದರ ಮೊದಲ ಪರಿಚ್ಛೇದದಲ್ಲೇ ಕವಿಗಳು ಮಾಡುವ ದೋಷಗಳ ವಿಚಾರಣೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊಟ್ಟಮೊದಲ ಗ್ರಂಥವೇ ಅದು. ಅಂದಮೇಲೆ ಕ್ರಿ.ಶ. 850ರ ಸುಮಾರಿಗೇ ನಮ್ಮಲ್ಲಿ ಸಿಲೆಬಸ್ ಸಿದ್ಧವಾಗಿತ್ತು, ಅಡ್ಮಿಷನ್ ಮಾತ್ರ ಶುರುವಾಗಿರಲಿಲ್ಲ ಎಂದು ನಾನು ವಾದಿಸಿದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನ್ನ ಹೆಂಡತಿ, "ಆ ಪುಸ್ತಕಾನ ಮೊದಲು ಒಂದ್ಸಲ ಓದಿ, ಆಮೇಲೆ ಅಮೆರಿಕಕ್ಕೆ ಹೋಗೋರಂತೆ" ಎಂದಳು. ಓದುವುದಕ್ಕಿಂತ ಹೋಗುವುದು ಸುಲಭ ಅನ್ನಿಸಿತು.

ನಾನು ತುಮಕೂರಿನಲ್ಲಿ ಒಂದು ಬ್ಯಾಂಕಿನ ಅಸಿಸ್ಟೆಂಟ್ ಮ್ಯಾನೇಜರ್. ವಯಸ್ಸು ನಲವತ್ತೇಳು. ಓದಿದ್ದು ಬಿ.ಕಾಂ., ಸೆಕೆಂಡ್ ಕ್ಲಾಸ್. ವಾರಪತ್ರಿಕೆಗಳಲ್ಲಿ ನನ್ನ ಕಥೆಗಳು ಬಂದಿವೆ. ಬಂದವುಗಳಿಗಿಂತ ವಾಪಸು ಬಂದವು ಹೆಚ್ಚು. ಸ್ವವಿಳಾಸದ ಲಕೋಟೆಗೆ ಸಾಕಷ್ಟು ಅಂಚೆಚೀಟಿ ಹಚ್ಚಿ ಕಳಿಸಬೇಕು ಎಂಬ ಕಾಲದಲ್ಲಿ ಬರೆಯಲು ಹಿಡಿದವನು ನಾನು. ಲಕೋಟೆಯ ದಪ್ಪ ನೋಡಿಯೇ ನಮ್ಮ ಪೋಸ್ಟ್‌ಮ್ಯಾನ್, "ಈ ಸಲಾನೂ ಆಗ್ಲಿಲ್ವಾ ಸಾರ್" ಎಂದು ಗೇಟಿನಲ್ಲೇ ನಿಂತು ಸಂತಾಪ ಸೂಚಿಸುತ್ತಿದ್ದ. ಈಗ ಎಲ್ಲ ಇ-ಮೇಲ್. ಕಥೆಯೂ ವಾಪಸು ಬರುವುದಿಲ್ಲ, ಸಂತಾಪವೂ ಇಲ್ಲ.

ಇಂಥ ಹೊತ್ತಿನಲ್ಲಿ ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ರಜೆಗೆಂದು ಊರಿಗೆ ಬಂದ. "ಮಾವಾ, ಅಲ್ಲಿ ಕಥೆ ಬರೆಯೋದಕ್ಕೇ ಎಂ.ಎಫ್.ಎ. ಅಂತ ಡಿಗ್ರಿ ಇದೆ. ಎರಡು ಮೂರು ವರ್ಷದ ಕೋರ್ಸು. ಕೆಲವು ಕಡೆ ಫೀಸು ಮಾಫಿ, ಮೇಲೆ ಸ್ಟೈಪೆಂಡ್ ಬೇರೆ" ಎಂದ. ಒಬ್ಬಟ್ಟು ತಿನ್ನುತ್ತಾ ಅವನು ಮಾತಿಗೆ ಆಡಿದ ಮಾತದು. ಕಥೆ ಬರೆಯುವವನಿಗೆ ಎದುರು ದುಡ್ಡು ಕೊಡುವ ಸಂಸ್ಥೆಗಳೂ ಭೂಮಿಯ ಮೇಲಿವೆ ಎಂದು ಕೇಳಿದ ಮೇಲೆ ನನ್ನ ಎಲೆಯಲ್ಲಿದ್ದ ಒಬ್ಬಟ್ಟು ಹಾಗೇ ಉಳಿಯಿತು.

ಬ್ಯಾಂಕಿನವನಾದ್ದರಿಂದ ಪಾರ್ಟಿಯ ಹಿನ್ನೆಲೆ ಪರಿಶೀಲಿಸದೆ ಮುಂದುವರಿಯುವ ಅಭ್ಯಾಸ ನನಗಿಲ್ಲ. ವಿಚಾರಿಸಿದರೆ ಹಿನ್ನೆಲೆ ಗಟ್ಟಿಯಾಗಿಯೇ ಇತ್ತು. ಅಯೋವಾ ವಿಶ್ವವಿದ್ಯಾಲಯ 1922ರಷ್ಟು ಹಿಂದೆಯೇ ಪ್ರಬಂಧದ ಬದಲು ಕಥೆ ಕವಿತೆಗಳನ್ನು ಕೊಟ್ಟರೂ ಉನ್ನತ ಪದವಿ ಕೊಡುತ್ತೇವೆ ಎಂದು ಒಪ್ಪಿತ್ತು. 1936ರಲ್ಲಿ ಅಲ್ಲಿನ ರೈಟರ್ಸ್ ವರ್ಕ್‌ಶಾಪ್ ವಿಧ್ಯುಕ್ತವಾಗಿ ಶುರುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆಲವು ಕಾಲ ನದಿ ದಡದಲ್ಲಿ ಮಿಲಿಟರಿಯವರ ತಗಡಿನ ಬ್ಯಾರಕ್ಕುಗಳಲ್ಲೇ ಕಥೆಯ ಪಾಠ ನಡೆದಿತ್ತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ 1970ರಲ್ಲಿ ಇಂಥದ್ದೇ ಎಂ.ಎ. ತೆರೆದಾಗ ಇದ್ದದ್ದು ಒಬ್ಬನೇ ವಿದ್ಯಾರ್ಥಿ. ಮುಂದೆ ಹೆಸರಾಂತ ಕಾದಂಬರಿಕಾರನಾದ ಅವನ ಹೆಸರು ಇಯಾನ್ ಮೆಕ್ಯುವನ್. ಕೆಲವು ವರ್ಷ ಬಿಟ್ಟು ಅಲ್ಲೇ ಓದಿದ ಕಜುವೊ ಇಶಿಗುರೊಗೆ 2017ರಲ್ಲಿ ನೊಬೆಲ್ ಬಂತು. ವಸೂಲಾತಿ ಪ್ರಮಾಣ ತೃಪ್ತಿಕರ ಎಂದು ಷರಾ ಬರೆದುಕೊಂಡೆ.

ನನಗೆ ನಿಜವಾಗಿ ಹುರುಪು ಕೊಟ್ಟದ್ದು ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಒಕಾನರ್ ಪ್ರಸಂಗ. 1945ರಲ್ಲಿ ಜಾರ್ಜಿಯಾದಿಂದ ಅಯೋವಾಕ್ಕೆ ಬಂದ ಆ ಹುಡುಗಿ ವರ್ಕ್‌ಶಾಪಿನ ನಿರ್ದೇಶಕ ಪಾಲ್ ಎಂಗಲ್ ಕೋಣೆಗೆ ಹೋಗಿ ಏನೋ ಹೇಳಿದಳಂತೆ. ಅವಳ ದಕ್ಷಿಣದ ರಾಗ ಎಷ್ಟು ದಟ್ಟವಾಗಿತ್ತೆಂದರೆ ಎಂಗಲ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಗೆ ಚೀಟಿಯಲ್ಲಿ ಬರೆದುಕೊಡು ಎಂದರು. ತಾನು ಪತ್ರಕರ್ತೆಯಲ್ಲ, ವರ್ಕ್‌ಶಾಪಿಗೆ ಬರಬಹುದೇ ಎಂದು ಬರೆದುಕೊಟ್ಟಳು. ಆಮೇಲೆ ಕಥೆಗಳನ್ನು ತೋರಿಸಿದಳು, ಸೀಟು ಸಿಕ್ಕಿತು. ನನ್ನ ಇಂಗ್ಲಿಷು ಯಾರಿಗೂ ತಿಳಿಯದು ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ರೀಜನಲ್ ಮ್ಯಾನೇಜರೇ ಅದಕ್ಕೆ ಸಾಕ್ಷಿ. ಅರ್ಧ ಅರ್ಹತೆ ಹುಟ್ಟಿನಿಂದಲೇ ಇದೆ ಎಂದಾಯಿತು.

"ಮಾಸ್ತಿಯವರು ಯಾವ ಕಾಲೇಜಲ್ಲಿ ಕಥೆ ಬರೆಯೋದು ಕಲಿತ್ರು?" ಎಂದು ಹೆಂಡತಿ ಕೇಳಿದಳು. "ಮೈಸೂರು ಸರ್ಕಾರದ ನೌಕರಿ ಮಾಡ್ಕೊಂಡೇ ಬರೆದ್ರು. ಕಾರಂತರು ಗಾಂಧೀಜಿ ಕರೆದ್ರು ಅಂತ ಕಾಲೇಜನ್ನೇ ಬಿಟ್ರು. ಕೈಲಾಸಂ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದ್ಕೊಂಡು ಬಂದು ನಾಟಕ ಬರೆದ್ರು." ಅವರೆಲ್ಲ ಪ್ರತಿಭಾವಂತರು, ಪ್ರತಿಭೆ ಇಲ್ಲದವನಿಗೆ ಸರ್ಟಿಫಿಕೇಟ್ ಬೇಡವೇ ಎಂದೆ. ಆ ವಾದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಒಪ್ಪಿಗೆ ಸಿಕ್ಕಿತು ಎಂದುಕೊಂಡೆ. ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ ಎಂದು ಮಾತ್ರ ಇಲ್ಲಿ ಹೇಳುವುದಿಲ್ಲ. ಅವರಿಗೂ ಒಂದು ಮರ್ಯಾದೆ ಇರುತ್ತದೆ.

ಒಕಾನರ್ ಕಾಲಕ್ಕೆ ಚೀಟಿಯಲ್ಲಿ ಮುಗಿದದ್ದು ನನ್ನ ಕಾಲಕ್ಕೆ ಪೋರ್ಟಲ್ ಆಗಿತ್ತು. ಅಂಕಪಟ್ಟಿಗಳ ಟ್ರಾನ್ಸ್‌ಕ್ರಿಪ್ಟ್, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ, ಮೂವರ ಶಿಫಾರಸು, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಆತ್ಮನಿವೇದನೆ, ಕಡೆಗೆ ಇಪ್ಪತ್ತೈದರಿಂದ ಮೂವತ್ತು ಪುಟದ ಕಥೆಯ ಮಾದರಿ. ಎಲ್ಲವೂ ಡಿಸೆಂಬರ್ 15ರ ರಾತ್ರಿ 11:59ರೊಳಗೆ.

ಟ್ರಾನ್ಸ್‌ಕ್ರಿಪ್ಟ್‌ಗೆಂದು ನಾನು ಓದಿದ ವಿಶ್ವವಿದ್ಯಾಲಯಕ್ಕೆ ಚಲನ್ ಕಟ್ಟಿ ಹೋದೆ. ಕೇಸ್ ವರ್ಕರ್ ನನ್ನ ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿ, "ಯಾವ ಕೋರ್ಸಿಗೆ ಸಾರ್?" ಎಂದರು. ಕಥೆ ಕವಿತೆ ಬರೆಯುವ ಕೋರ್ಸು ಎಂದೆ. ಅವರು ಎದ್ದುನಿಂತರು. ಪಕ್ಕದ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಕೆಳಗಿನ ಡ್ರಾಯರ್ ತೆಗೆದರು. ನನ್ನ ಫೈಲು ಅಲ್ಲಿರಬೇಕೆಂದು ನಾನಂದುಕೊಂಡರೆ, ಹೊರಗೆ ಬಂದದ್ದು ಅವರ ಹನಿಗವನ ಸಂಕಲನ. ನಮ್ಮ ನಾಡಿನಲ್ಲಿ ಕವಿಯಿಲ್ಲದ ಸರ್ಕಾರಿ ವಿಭಾಗವನ್ನು ಹುಡುಕುವುದು ಕಷ್ಟ ಎಂದು ತಿಳಿದಿದ್ದೂ ನಾನು ಎಚ್ಚರ ತಪ್ಪಿದ್ದೆ. ಊಟದ ಬಿಡುವಿನವರೆಗೂ ಹನಿಗಳು ಬಿದ್ದವು. ಪ್ರತಿಯೊಂದಕ್ಕೂ 'ವಾಹ್' ಎನ್ನುತ್ತಾ ಬಂದೆ. ಅವರು ಪ್ರತಿ ವಾಹ್‌ಗೂ ಒಂದು ಅಂಕಪಟ್ಟಿಗೆ ಮೊಹರು ಒತ್ತುತ್ತಾ ಬಂದರು. ಲಕೋಟೆಯ ಬಾಯಿಗೆ ಅಡ್ಡಲಾಗಿ ಸಹಿ ಹಾಕಿ ಕೊಡುವಾಗ, "ಅಲ್ಲಿ ಹನಿಗವನಕ್ಕೆ ಬೇರೆ ಡಿಪಾರ್ಟ್‌ಮೆಂಟ್ ಇದ್ರೆ ತಿಳಿಸಿ ಸಾರ್" ಎಂದರು. ತಿಂಗಳುಗಟ್ಟಲೆ ಅಲೆದಿದ್ದ ಎಂಜಿನಿಯರಿಂಗ್ ಹುಡುಗರು ಕಿಟಕಿಯಾಚೆ ನಿಂತು ನನ್ನನ್ನೇ ನೋಡುತ್ತಿದ್ದರು. ಸಾಹಿತ್ಯದಿಂದ ನನಗೆ ಸಿಕ್ಕ ಮೊದಲ ಪ್ರಯೋಜನ ಅದು.

ಟೋಫೆಲ್ ಬರೆಯಲು ಬೆಂಗಳೂರಿಗೆ ಹೋದಾಗ ಸೆಕ್ಯುರಿಟಿಯವನು, "ಅಂಕಲ್, ಪೇರೆಂಟ್ಸ್ ಕೆಳಗೆ ಕಾಯ್ಬೇಕು" ಎಂದು ತಡೆದ. ನಾನೇ ಅಭ್ಯರ್ಥಿ ಎಂದು ಪಾಸ್‌ಪೋರ್ಟ್ ತೋರಿಸಿದ ಮೇಲೆ ನನ್ನ ಜೇಬು, ಕನ್ನಡಕ, ತೋಳಿನ ಮಡಿಕೆ ಎಲ್ಲವನ್ನೂ ಇನ್ನಷ್ಟು ಅನುಮಾನದಿಂದ ತಪಾಸಣೆ ಮಾಡಿದ. ಓದು, ಕೇಳು ಹೇಗೋ ಮುಗಿದವು. ಮಾತಾಡುವ ಭಾಗ ಬಂತು. ಆಗ 15 ಸೆಕೆಂಡು ಯೋಚಿಸಬೇಕಿತ್ತು, 45 ಸೆಕೆಂಡು ಮೈಕಿನಲ್ಲಿ ಮಾತಾಡಬೇಕಿತ್ತು. ಪ್ರಶ್ನೆ ಏನೆಂದು ಹೇಳುವುದಿಲ್ಲ ಎಂದು ಸಹಿ ಹಾಕಿ ಬಂದಿದ್ದೇನೆ. ಉತ್ತರ ಏನು ಹೇಳಿದೆ ಎಂದು ಹೇಳಲು ಅಡ್ಡಿಯಿಲ್ಲ. ನಾನು ಬ್ಯಾಂಕಿನ ರಾಜ್ಯೋತ್ಸವಗಳಲ್ಲಿ ಭಾಷಣ ಕಲಿತವನು. ಮೈಕು ಕಂಡರೆ ವೇದಿಕೆಯ ಮೇಲೆ ಆಸೀನರಾಗಿರುವವರಿಂದ ಶುರು ಮಾಡಲೇಬೇಕು. ಎದುರಿಗೆ ಕಂಪ್ಯೂಟರ್ ಬಿಟ್ಟರೆ ಯಾರೂ ಆಸೀನರಾಗಿರಲಿಲ್ಲ. ಆದರೂ ಕಾಣದ ಪರೀಕ್ಷಕರಿಗೆ, ಅವರ ಸಂಸ್ಥೆಯ ಹಿರಿಯರಿಗೆ, ಕೊಠಡಿಯ ಮೇಲ್ವಿಚಾರಕರಿಗೆ, ನನ್ನ ಸಹ ಅಭ್ಯರ್ಥಿಗಳಿಗೆ ವಂದಿಸಿ, ಈ ಸದವಕಾಶ ಒದಗಿಸಿಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಿ, "ಕಮಿಂಗ್ ಟು ದ ಟಾಪಿಕ್" ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ 45 ಸೆಕೆಂಡು ಮುಗಿಯಿತು. ಓದು ಬರಹಗಳ ಅಂಕಗಳು ಕೈಹಿಡಿದು ನನ್ನನ್ನು ಗೆರೆ ದಾಟಿಸಿದವು.

ಶಿಫಾರಸಿನ ಕಥೆ ಬೇರೆ. ಶಿಫಾರಸು ಎಂದರೆ ನಮಗೆ ಗೊತ್ತಿರುವುದು ಎಂ.ಎಲ್.ಎ. ಲೆಟರ್‌ಹೆಡ್. ಅಲ್ಲಿ ಅದು ನಡೆಯುವುದಿಲ್ಲ. ನನ್ನ ಬರವಣಿಗೆಯನ್ನು ಬಲ್ಲವರಿಗೆ ವಿಶ್ವವಿದ್ಯಾಲಯವೇ ಇ-ಮೇಲಿನಲ್ಲಿ ಕೊಂಡಿ ಕಳಿಸುತ್ತದೆ, ಅವರು ಗುಟ್ಟಾಗಿ ಬರೆದು ಏರಿಸಬೇಕು, ಅದನ್ನು ನೋಡುವ ಹಕ್ಕನ್ನು ನಾನು ಬಿಟ್ಟುಕೊಟ್ಟಿದ್ದೇನೆ ಎಂದು ಟಿಕ್ ಮಾಡಬೇಕು. ಬಿಟ್ಟುಕೊಟ್ಟೆ. ಮೂವರೂ ನನಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದರು.

ಮೊದಲನೆಯವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ಮೇಷ್ಟ್ರು, ಈಗ ನಿವೃತ್ತರು. "ನೀನು ನನ್ನ ಕ್ಲಾಸಿಗೆ ಬರ್ತಿದ್ದೆಯೇನಯ್ಯಾ?" ಎಂದು ಕೇಳಿದರು. ಹಾಜರಾತಿ ತುಂಬುವಷ್ಟು ಬರುತ್ತಿದ್ದೆ ಸಾರ್ ಎಂದೆ. ಬಹಳ ಪ್ರಾಮಾಣಿಕರು. ಅಭ್ಯರ್ಥಿ ನೀವು ಕಂಡವರಲ್ಲಿ ಅತ್ಯುತ್ತಮರ ಪೈಕಿಯೋ, ಮಧ್ಯಮವೋ ಎಂದು ಕೇಳುವ ಚೌಕಗಳಲ್ಲಿ, ಗಮನಿಸುವ ಅವಕಾಶ ಸಿಗಲಿಲ್ಲ ಎಂಬ ಚೌಕಕ್ಕೇ ಉದ್ದಕ್ಕೂ ಟಿಕ್ ಹಾಕಿದರು.

ಎರಡನೆಯವರು ನಮ್ಮ ರೀಜನಲ್ ಮ್ಯಾನೇಜರ್. ಇವರ ನಡತೆ ತೃಪ್ತಿಕರ, ಇವರ ವಿರುದ್ಧ ಯಾವುದೇ ವಿಜಿಲೆನ್ಸ್ ಪ್ರಕರಣ ಬಾಕಿ ಇಲ್ಲ, ನಗದು ವ್ಯವಹಾರದಲ್ಲಿ ನಂಬಿಕಸ್ಥರು ಎಂದು ಬರೆದರು. ಕಥೆಯ ಬಗ್ಗೆಯೂ ಒಂದು ಸಾಲು ಸೇರಿಸಿ ಸಾರ್ ಎಂದು ಬೇಡಿಕೊಂಡ ಮೇಲೆ, "ಟಾರ್ಗೆಟ್ ಯಾಕೆ ಮುಟ್ಟಲಿಲ್ಲ ಎಂಬುದಕ್ಕೆ ಪ್ರತಿ ತ್ರೈಮಾಸಿಕವೂ ಇವರು ಕೊಡುವ ವಿವರಣೆಗಳಲ್ಲಿ ಅಸಾಧಾರಣ ಕಲ್ಪನಾಶಕ್ತಿ ಇದೆ" ಎಂದು ಸೇರಿಸಿದರು. ಮೂರು ಪತ್ರಗಳ ಪೈಕಿ ಸಾಹಿತ್ಯ ವಿಮರ್ಶೆ ಎನ್ನಬಹುದಾದದ್ದು ಅದೊಂದೇ.

ಮೂರನೆಯವರು ನಮ್ಮ ಜಿಲ್ಲೆಯ ಹಿರಿಯ ಕವಿಗಳು. ಕೇಳಿದವರಿಗೆಲ್ಲ ಮುನ್ನುಡಿ ಬರೆದುಕೊಟ್ಟವರು. ಅಭ್ಯಾಸಬಲದಿಂದ ಇದಕ್ಕೂ ಮುನ್ನುಡಿಯನ್ನೇ ಬರೆದರು. ನವೋದಯದಿಂದ ಹೊರಟು, ನವ್ಯದಲ್ಲಿ ಸ್ವಲ್ಪ ತಂಗಿ, ಬಂಡಾಯದ ಕಾಲದಲ್ಲಿ ತಮಗಾದ ಅನ್ಯಾಯವನ್ನು ಸವಿಸ್ತಾರವಾಗಿ ವಿವರಿಸಿ, ಕಡೆಯ ಪ್ಯಾರಾದಲ್ಲಿ ನನ್ನನ್ನು ಸೇರಿಕೊಂಡರು. 'ಈ ಯುವ ಲೇಖಕರಿಂದ ಸಾರಸ್ವತ ಲೋಕ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸುತ್ತದೆ' ಎಂದು ಮುಗಿಸಿದ್ದರು. ಅವರಿಗೆ ಇ-ಮೇಲ್ ಇಲ್ಲದ್ದರಿಂದ ಮೊಮ್ಮಗನ ವಿಳಾಸ ಕೊಟ್ಟಿದ್ದರು. ಪಿ.ಯು.ಸಿ. ಹುಡುಗ ಅಷ್ಟುದ್ದವನ್ನು ಇಂಗ್ಲಿಷಿಗೆ ತಿರುಗಿಸುವ ಗೋಜಿಗೆ ಹೋಗದೆ, ಕಡೆಯ ವಾಕ್ಯವೊಂದನ್ನೇ ಅನುವಾದಿಸಿ ಏರಿಸಿದ. ಆ ಹುಡುಗನಲ್ಲಿ ಸಂಪಾದಕನ ಲಕ್ಷಣವಿದೆ.

ಆತ್ಮನಿವೇದನೆ ಬರೆಯಲು ಕೂತೆ. ನಾನೇಕೆ ಬರೆಯುತ್ತೇನೆ, ಏಕೆ ಇದೇ ಕೋರ್ಸು ಬೇಕು ಎಂದು ಹೇಳಿಕೊಳ್ಳಬೇಕಿತ್ತು. ಎಜುಕೇಶನ್ ಲೋನ್ ಕೇಳಲು ಬಂದ ಮಕ್ಕಳಿಗೆ ವರ್ಷಗಟ್ಟಲೆ ಅದೇ ಪ್ರಶ್ನೆ ಕೇಳಿದವನು ನಾನು: 'ಈ ಕೋರ್ಸ್ ಮಾಡಿ ಏನು ಮಾಡ್ತೀರಿ? ತೀರಿಸೋದು ಹೇಗೆ?' ಈಗ ಮೇಜಿನ ಈಚೆ ಕೂತು ಉತ್ತರಿಸಬೇಕಾದಾಗ ಕೈ ತಾನಾಗಿ ಬರೆದುಕೊಂಡು ಹೋಯಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಶುರುವಾಗಿ, ದಯಮಾಡಿ ಒಂದು ಸೀಟು ಮಂಜೂರು ಮಾಡಬೇಕೆಂದು ಪ್ರಾರ್ಥಿಸಿ, ಇಂತಿ ತಮ್ಮ ವಿಧೇಯ ಎಂದು ಮುಗಿಯಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗಳು ಆಗ ರಜೆಯಲ್ಲಿ ಮನೆಗೆ ಬಂದಿದ್ದಳು. ಓದಿ, "ಅಪ್ಪ, ಇದಕ್ಕೆ ಇಬ್ಬರು ಜಾಮೀನುದಾರರ ಸಹಿ ಬೇಕು" ಎಂದಳು. ಏನಾದರೂ ಸ್ವಂತದ್ದು, ಬಾಲ್ಯದ್ದು ಬರಿ ಎಂದು ಸಲಹೆ ಕೊಟ್ಟಳು.

ಬರೆದೆ. ಬೆಳದಿಂಗಳ ಅಂಗಳ, ಅಜ್ಜಿಯ ಮಡಿಲು, ಅವಳು ಕೈತುತ್ತು ಹಾಕುತ್ತಾ ಹೇಳುತ್ತಿದ್ದ ಕಥೆಗಳೇ ನನ್ನನ್ನು ಲೇಖಕನನ್ನಾಗಿ ಮಾಡಿದ್ದು ಎಂದು ಕಣ್ಣಲ್ಲಿ ನೀರು ತರಿಸುವಂತೆ ಬರೆದು ಗಟ್ಟಿಯಾಗಿ ಓದಿದೆ. ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿದಳು. "ಯಾವ ಅಜ್ಜಿಯೋ? ನನ್ನಮ್ಮ ನೀನು ಹುಟ್ಟೋಕೆ ಮುಂಚೇನೇ ಹೋದಳು. ನಿಮ್ಮಪ್ಪನ ತಾಯಿ ಬಾಯಿ ತೆಗೆದ್ರೆ ಬೈಗುಳ ಬಿಟ್ಟು ಇನ್ನೊಂದು ಹೇಳಿದ್ದು ನಾನು ಕೇಳಿಲ್ಲ." ಮಗಳು ಆ ಬೈಗುಳವನ್ನೇ ಬರಿ, ಚೆನ್ನಾಗಿರುತ್ತೆ ಎಂದಳು. ಅಜ್ಜಿಯ ಮಡಿಲಿನಷ್ಟು ಒಳ್ಳೆಯ ಕಾಲ್ಪನಿಕ ಬರಹ ನನ್ನಿಂದ ಮತ್ತೊಂದು ಬಂದಿಲ್ಲವಾದ್ದರಿಂದ ಅದನ್ನೇ ಇಟ್ಟುಕೊಂಡೆ.

ಉಳಿದದ್ದು ಕಥೆ. ನನ್ನ ಕಥೆಗಳಲ್ಲೆಲ್ಲ ಉದ್ದದ್ದು 'ಅವನು ಹೋದ ಸಂಜೆ'. ಹಿಂದಿನ ಬೀದಿಯ ಹಿಟ್ಟಿನ ಗಿರಣಿಯವನು ಹೆಂಡತಿ ಮಕ್ಕಳನ್ನು ಬಿಟ್ಟು ಊರು ಬಿಟ್ಟಿದ್ದ ಘಟನೆಯನ್ನು ಆಧರಿಸಿದ್ದು. ಗಂಡ ಹೋಗುತ್ತಾನೆ, ಹೆಂಡತಿ ಕಿಟಕಿಯಲ್ಲಿ ನಿಂತು ಸೂರ್ಯಾಸ್ತವನ್ನು ನೋಡುತ್ತಾಳೆ. ಸೂರ್ಯಾಸ್ತಕ್ಕೆ ನಾನು ಪಟ್ಟ ಶ್ರಮ ನನಗೇ ಗೊತ್ತು. ಮಗಳು ಇಂಗ್ಲಿಷಿಗೆ ಮಾಡಿಕೊಡಲು ಒಪ್ಪಿದಳು. ನಾಲ್ಕು ಪುಟ ದಾಟಿದ ಮೇಲೆ ಪೆನ್ನು ಕೆಳಗಿಟ್ಟು, "ಅಪ್ಪ, ಇಲ್ಲೇನೂ ಆಗೋದೇ ಇಲ್ವಲ್ಲ" ಎಂದಳು. ಒಳಗೆ ಆಗುತ್ತದೆ ಎಂದೆ. "ಯಾರ ಒಳಗೆ?" ಎಂದಳು.

ಆಮೇಲೆ ಅವಳೇ ಒಂದು ಉಪಾಯ ಹೇಳಿದಳು. ಅಮೆರಿಕದ ಆ ತರಗತಿಗಳಲ್ಲಿ ಒಂದು ಸಂಪ್ರದಾಯವಿದೆಯಂತೆ. ಒಬ್ಬನ ಕಥೆಯನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದು ಮೇಜಿನ ಸುತ್ತ ಕೂತು ಚರ್ಚಿಸುತ್ತಾರೆ. ಅಷ್ಟು ಹೊತ್ತೂ ಬರೆದವನು ಅಲ್ಲೇ ಕೂತಿರಬೇಕು, ಬಾಯಿ ಬಿಡಬಾರದು. ಈಚೆಗೆ ಕೆಲವು ಕಡೆ ಅದನ್ನು ಸಡಿಲಿಸಿದ್ದಾರೆ, ಆದರೆ ಹಳೆಯ ಪದ್ಧತಿ ಅದು. "ನಾವೂ ಮಾಡೋಣ. ನೀನು ಮಾತಾಡೋ ಹಾಗಿಲ್ಲ" ಎಂದಳು. ಈ ಮನೆಯಲ್ಲಿ ಅದಕ್ಕೆ ಹೊಸ ನಿಯಮವೇನೂ ಬೇಕಿರಲಿಲ್ಲ.

ರಾತ್ರಿ ಊಟವಾದ ಮೇಲೆ ಸಭೆ ಸೇರಿತು. ಮಗಳು ಓದಿದಳು. ಹೆಂಡತಿ ಕೆಂಪು ಪೆನ್ನು ಹಿಡಿದಿದ್ದಳು. ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಿ ತಿದ್ದಿ ಅವಳಿಗೆ ಪ್ರತಿ ಪುಟದ ಅಂಚಿನಲ್ಲಿ ಅಂಕ ಹಾಕದಿದ್ದರೆ ಸಮಾಧಾನವಿಲ್ಲ. "ಪೀಠಿಕೆಗೆ ಒಂದು ಅಂಕ ಕೊಡಬಹುದು. ವಿಷಯ ನಿರೂಪಣೆಗೆ ಸೊನ್ನೆ. ಅಕ್ಷರ ಚೆನ್ನಾಗಿದೆ" ಎಂದಳು. ನಾನು ಟೈಪ್ ಮಾಡಿದ್ದೇನೆ ಎನ್ನಲು ಬಾಯಿ ತೆರೆದೆ. ಮಗಳು ತುಟಿಯ ಮೇಲೆ ಬೆರಳಿಟ್ಟಳು.

ಅಮ್ಮ ಅದುವರೆಗೂ ಅಡಿಕೆ ಕತ್ತರಿಸುತ್ತಾ ಸುಮ್ಮನಿದ್ದಳು. "ಇದು ಗಿರಣಿಯವಳ ಕಥೆ ಅಲ್ವೇನೇ?" ಎಂದು ಮೊಮ್ಮಗಳನ್ನು ಕೇಳಿದಳು. "ಕಿಟಕೀಲಿ ನಿಂತಿದ್ಲು ಅಂತ ಇವನಿಗ್ಯಾರು ಹೇಳಿದ್ದು? ಆ ಮನೇಗೆ ಕಿಟಕಿ ಎಲ್ಲಿತ್ತು? ನಾನು ಹೇಳ್ತೀನಿ ಕೇಳು. ಅವನು ಹೋಗಿದ್ದು ರಾತ್ರಿ. ಬೆಳಗಾಗೋ ಹೊತ್ತಿಗೆ ಊರೆಲ್ಲ ಗುಸುಗುಸು, ಇವತ್ತು ಗಿರಣಿ ಬಾಗಿಲು ತೆಗೆಯಲ್ಲ ಅಂತ. ಆರು ಗಂಟೆಗೆ ಸರಿಯಾಗಿ ತೆಗೆದಳು. ಬೆಲ್ಟು ಹಾಕೋಕೆ ಬರ್ತಿರಲಿಲ್ಲ, ಎರಡು ಸಲ ಕಳಚಿ ಬಿತ್ತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಎಲ್ಲ ನೋಡ್ತಾ ನಿಂತಿದ್ರು. ಮೂರನೇ ಸಲಕ್ಕೆ ಕೂತಿತು. ನಮ್ಮದೇ ರಾಗಿ ಮೊದಲು ಬೀಸಿದ್ದು, ತರಿತರಿಯಾಗಿತ್ತು, ನಾನೇನೂ ಅನ್ನಲಿಲ್ಲ. ತಿಂಗಳಲ್ಲಿ ಗಂಡನಿಗಿಂತ ನುಣ್ಣಗೆ ಬೀಸಿದಳು. ಮಕ್ಕಳನ್ನ ಓದಿಸಿದಳು. ಆಮೇಲೆ ಒಂದಿನ ಬಂದ ನೋಡು ಅವನು. ಹಬ್ಬದ ಹಿಂದಿನ ದಿನ, ಗಿರಣಿ ತುಂಬ ಜನ. ಬಾಗಿಲಲ್ಲಿ ನಿಂತ. ಎಲ್ಲರೂ ಉಸಿರು ಬಿಗಿಹಿಡಿದ್ರು. ಇವಳು ತಲೆ ಎತ್ತಲಿಲ್ಲ. ಮೈ ಕೈ ಎಲ್ಲ ಹಿಟ್ಟು. 'ಡಬ್ಬ ಇಟ್ಟು ಸಾಲಲ್ಲಿ ನಿಂತ್ಕೊಳ್ಳಿ' ಅಂದಳು."

ಅಡಕತ್ತರಿ ಕಟಕ್ ಎಂದಿತು. "ನಿಂತ್ಕೊಂಡನಾ ಅಜ್ಜಿ?" ಎಂದಳು ಮಗಳು. "ಡಬ್ಬ ಎಲ್ಲಿತ್ತು ಅವನ ಹತ್ರ?" ಎಂದಳು ಅಮ್ಮ.

ಹೆಂಡತಿ ಕೆಂಪು ಪೆನ್ನಿನ ಟೋಪಿ ಮುಚ್ಚಿದಳು. ಮಗಳು ನನ್ನ ಕಥೆಯನ್ನು ಪಕ್ಕಕ್ಕೆ ಸರಿಸಿ ಹೊಸ ಹಾಳೆ ತೆಗೆದು, ಅಜ್ಜಿಯನ್ನು ಮತ್ತೆ ಮೊದಲಿನಿಂದ ಹೇಳಿಸಿ ಬರೆದುಕೊಳ್ಳತೊಡಗಿದಳು. ವಸ್ತು ನನ್ನದೇ, ಹಕ್ಕುಸ್ವಾಮ್ಯದ ಪ್ರಶ್ನೆ ಬರುತ್ತದೆ ಎಂದು ಹೇಳಬೇಕೆನಿಸಿತು. ಮಾತಾಡುವ ಹಾಗಿರಲಿಲ್ಲ. ನಾಲ್ಕಾರು ರಾತ್ರಿಗಳಲ್ಲಿ ಅಮ್ಮ ಹೇಳಿದ್ದೆಲ್ಲ ಸೇರಿ ಇಪ್ಪತ್ತೈದು ಪುಟ ದಾಟಿತು. ಸೂರ್ಯ ಒಂದು ಕಡೆಯೂ ಇರಲಿಲ್ಲ. "ಇದನ್ನೇ ಕಳಿಸು ಅಪ್ಪ, ಒಂದಕ್ಷರ ಮುಟ್ಟಬೇಡ" ಎಂದು ಹೇಳಿ ಮಗಳು ಹಾಸ್ಟೆಲಿಗೆ ಹೋದಳು.

ಅಲ್ಲಿಯ ಡಿಸೆಂಬರ್ 15ರ ರಾತ್ರಿ 11:59 ಎಂದರೆ ಇಲ್ಲಿ 16ರ ಬೆಳಿಗ್ಗೆ 11:29. ಹನ್ನೊಂದೂವರೆ ಗಂಟೆಯ ಅಂತರ ನನ್ನ ಪಾಲಿಗೆ ವರ ಎಂದುಕೊಂಡು ಕೆಲಸವನ್ನು ಕೊನೆಯ ಬೆಳಿಗ್ಗೆಗೇ ಉಳಿಸಿದ್ದೆ. ಅಂದು ಚಿನ್ನದ ಸಾಲದ ಅಧಿಕಾರಿ ರಜೆ ಹಾಕಿ, ಆ ಕೌಂಟರೂ ನನ್ನ ಕುತ್ತಿಗೆಗೆ ಬಿತ್ತು. ಎದುರಿಗೆ ಬಳೆ ಗಂಟು ಹಿಡಿದ ಒಬ್ಬ ಹಿರಿಯ ರೈತರು, ಪಕ್ಕದಲ್ಲಿ ಟಚ್‌ಸ್ಟೋನ್ ಉಜ್ಜುತ್ತಿರುವ ಅಕ್ಕಸಾಲಿಗರು, ನಡುವೆ ಮೊಬೈಲಿನಲ್ಲಿ ನನ್ನ ಪೋರ್ಟಲ್. ಫೀಸು ಕಟ್ಟಲು ಕಾರ್ಡಿನ ಸಂಖ್ಯೆ ಹಾಕಿದರೆ ಪಾವತಿ ತಿರಸ್ಕೃತ. ಮತ್ತೆ ಹಾಕಿದೆ, ಮತ್ತೆ ತಿರಸ್ಕೃತ. ಕಾರ್ಡು ನಾನು ಕೆಲಸ ಮಾಡುವ ಬ್ಯಾಂಕಿನದ್ದೇ. ಗ್ರಾಹಕ ತಾನಾಗಿ ಚಾಲೂ ಮಾಡಿಕೊಳ್ಳುವವರೆಗೆ ಹೊಸ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಬಂದ್ ಇರಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ನಿಯಮ ತಂದಿದೆ. ಸಿಟ್ಟಾಗಿ ಬಂದ ಗಿರಾಕಿಗಳಿಗೆಲ್ಲ 'ನಿಮ್ಮ ಸುರಕ್ಷತೆಗಾಗಿಯೇ' ಎಂದು ನಗುನಗುತ್ತಾ ತಿಳಿಸಿಹೇಳುತ್ತಿದ್ದವನು ನಾನೇ. ಆ್ಯಪ್ ತೆರೆದೆ, ಚಕ್ರ ತಿರುಗುತ್ತಲೇ ಇತ್ತು. ನಮ್ಮ ಸಹಾಯವಾಣಿಗೇ ಫೋನು ಮಾಡಿದೆ. ನಮ್ಮ ಬ್ಯಾಂಕಿನ ಸಂಗೀತ ಎಷ್ಟು ಉದ್ದವಿದೆ ಎಂದು ಅಂದೇ ತಿಳಿದದ್ದು.

ರೈತರು ಕೌಂಟರಿನ ಮೇಲೆ ಬಗ್ಗಿ ನನ್ನ ಮುಖ ನೋಡಿ, "ಏನ್ ಸಾರ್, ನಿಮಗೂ ಸರ್ವರ್ ಡೌನಾ?" ಎಂದರು. ಆ ಧ್ವನಿಯಲ್ಲಿ ಎಷ್ಟೋ ವರ್ಷಗಳ ತೃಪ್ತಿ ಇತ್ತು.

ಹನ್ನೊಂದೂಕಾಲಿಗೆ ಚಕ್ರ ನಿಂತಿತು, ಪಾವತಿ ಹೋಯಿತು. ಕಥೆಯ ಕಡತವನ್ನು ಏರಿಸುವುದೊಂದೇ ಬಾಕಿ. ಅದರಲ್ಲಿ ಒಂದು ಸಣ್ಣ ಬದಲಾವಣೆ ಹಿಂದಿನ ರಾತ್ರಿಯೇ ಮಾಡಿದ್ದೆ. ಅದರ ವಿವರ ಇಲ್ಲಿ ಅಪ್ರಸ್ತುತ. ಏರಿಸಿದೆ, ಬಳೆ ತೂಗಿದೆ.

ಮಾರ್ಚಿನಲ್ಲಿ ಉತ್ತರ ಬಂತು. ಈ ವರ್ಷ ಅತ್ಯುತ್ತಮ ಅರ್ಜಿಗಳು ಬಹಳ ಬಂದಿದ್ದವೆಂದೂ, ಸ್ಥಳಗಳು ಬೆರಳೆಣಿಕೆಯಷ್ಟೇ ಇರುವುದರಿಂದ ನನಗೆ ಅವಕಾಶ ಕೊಡಲಾಗದ್ದಕ್ಕೆ ವಿಷಾದವೆಂದೂ, ನನ್ನ ಬರವಣಿಗೆಗೆ ಶುಭವಾಗಲಿ ಎಂದೂ ಇತ್ತು. ಎಷ್ಟೇ ಆಗಲಿ ಅಮೆರಿಕದವರು. ನಮ್ಮ ಸಂಪಾದಕರು ಇಷ್ಟು ಉದ್ದಕ್ಕೆ ವಿಷಾದಿಸಿದ್ದೇ ಇಲ್ಲ. ಮನೆಯಲ್ಲಿ ಗಂಭೀರವಾಗಿ ಓದಿ ಹೇಳಿದೆ. ಸ್ಪರ್ಧೆ ಜಾಸ್ತಿ, ನನ್ನ ವಯಸ್ಸೂ ಅಡ್ಡಬಂದಿರಬಹುದು ಎಂದು ಕಾರಣಗಳನ್ನೂ ಒದಗಿಸಿದೆ.

"ನನ್ನ ಕಥೆ ಅವರಿಗೆ ಹಿಡಿಸಲಿಲ್ವಂತಾ?" ಎಂದು ಅಮ್ಮ ಕೇಳಿದಳು. ಆ ಧ್ವನಿ ಕೇಳಿ, ಮತ್ತೆ ರಜೆಗೆ ಮನೆಗೆ ಬಂದಿದ್ದ ಮಗಳಿಗೆ ಅನುಮಾನ ಬಂತು. ಏರಿಸಿದ ಅರ್ಜಿಯ ಪ್ರತಿಯನ್ನು ಪೋರ್ಟಲಿನಿಂದ ಇಳಿಸಿಕೊಳ್ಳಬಹುದು ಎಂಬ ಸಂಗತಿ ನನಗೆ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು. ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಮೊದಲ ಪುಟದಿಂದ ಓದತೊಡಗಿದಳು. ಪಶ್ಚಿಮದ ಬಾನಿನಲ್ಲಿ ಕೆಂಪು ಹರಡಿತ್ತು. ಹಕ್ಕಿಗಳು ಗೂಡಿಗೆ ಮರಳುತ್ತಿದ್ದವು. ಸೂರ್ಯ ಬಾಳಿನಂತೆಯೇ ಇಳಿಯುತ್ತಿದ್ದ. ಮಗಳ ಧ್ವನಿ ನಿಧಾನವಾಯಿತು. ಪುಟ ಸರಿಸಿದಳು. ಸೂರ್ಯ ಇನ್ನೂ ಇಳಿಯುತ್ತಿದ್ದ.

"ಎರಡನೇ ಪುಟ ಬಂತು, ಇನ್ನೂ ಮುಳುಗಲಿಲ್ವಾ ಇವನು?" ಎಂದಳು ಹೆಂಡತಿ.

ಅದು ವಾತಾವರಣ ನಿರ್ಮಾಣ ಎಂದು ವಿವರಿಸಲು ಹೋದೆ. ಅಮ್ಮ ತಡೆದು, ಒಟ್ಟು ಎಷ್ಟು ಖರ್ಚಾಯಿತು ಎಂದು ಕೇಳಿದಳು. ಟೋಫೆಲ್, ಟ್ರಾನ್ಸ್‌ಕ್ರಿಪ್ಟ್, ಕೊರಿಯರ್, ಅರ್ಜಿ ಫೀಸು ಸೇರಿಸಿ ಹೇಳಿದೆ. ಅಡಕತ್ತರಿ ಅರ್ಧಕ್ಕೆ ನಿಂತಿತು. "ಅಷ್ಟು ದುಡ್ಡು ಕೊಟ್ಟು ಅವರಿಗೆ ನನ್ನ ಕಥೆ ಕೇಳಿಸೋಕೆ ಹೋಗಿದ್ದೆಯಾ? ಅದಕ್ಕೂ ಅಡ್ಡಗಾಲು ಹಾಕಿದೆಯಾ? ನಿನಗೆ ನಾನು ಬಿಟ್ಟಿ ಹೇಳ್ತಿದ್ದೆ, ಒಂದು ದಿನಾನೂ ಕೂತು ಕೇಳಲಿಲ್ಲ." ಆಮೇಲೆ ಮೊಮ್ಮಗಳ ಕಡೆ ತಿರುಗಿ, ಗಿರಣಿಯವಳ ಎರಡನೇ ಮಗಳ ಮದುವೆ ಕಥೆ ಇನ್ನೂ ಚೆನ್ನಾಗಿದೆ, ಇವನಿಲ್ಲದಾಗ ಹೇಳ್ತೀನಿ ಎಂದಳು.

ನಾನು ಎದೆಗುಂದಿಲ್ಲ. ಬರುವ ಡಿಸೆಂಬರಿಗೆ ಮತ್ತೆ ಅರ್ಜಿ ಹಾಕುತ್ತಿದ್ದೇನೆ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಚಾಲೂ ಮಾಡಿಕೊಂಡಿದ್ದೇನೆ. ಮನೆಯವರೆಲ್ಲರ ಒತ್ತಾಯಕ್ಕೆ ಮಣಿದು ಸೂರ್ಯಾಸ್ತವನ್ನು ಪೂರ್ತಿಯಾಗಿ ತೆಗೆದುಹಾಕಿದ್ದೇನೆ. ಗಿರಣಿಯ ಬಾಗಿಲು ತೆರೆದದ್ದು ಬೆಳಿಗ್ಗೆ ಆರಕ್ಕೆ ತಾನೆ? ಕಥೆ ಈಗ ಸೂರ್ಯೋದಯದಿಂದ ಶುರುವಾಗುತ್ತದೆ. ಸದ್ಯಕ್ಕೆ ಆರನೇ ಪುಟದಲ್ಲಿದ್ದೇನೆ, ಇನ್ನೇನು ಕಿರಣಗಳು ಕಾಣಿಸಿಕೊಳ್ಳಬೇಕು.